ರಾತ್ರಿ ಎಷ್ಟು ಇಳೀತು

ಹಗಲೆಲ್ಲ ಚಲೋನ ಇರತೈತಿ ಮೇಸ್ತ್ರಿ,
ಮುಂಜಾನೆ ನೋಡಿದರ ಹಿಂದಿನ ಭಾಗ ನೆಲಕ್ಕ,
ಅಂದ ಕಾಯೆತಾನ್ ಫುರ್ತಾದ್. ಕೀಲಿ ನನ್ನ ಕೈಯಾಗ ಕೊಡಲಿಲ್ಲ,
ಬಾನೆಟ್ ಮ್ಯಾಲೆ ಇಟ್ಟ.

ಎರಡೂವರೆ ಟನ್ನಿನ ಗಾಡಿ.
ಎಮ್ಮಿ ಕೂಡ್ರುವಾಗ ಮುಂದಿನ ಕಾಲು ಮೊದಲು ಮಡಚತೈತಿ,
ಇದು ಹಿಂದಿನವು.

ಮಡಗಾಂವದ ದೊಡ್ಡ ವರ್ಕ್‌ಶಾಪಿನವರು
ಕಂಪ್ರೆಸರ್ ಬದಲಿಸ್ಯಾರ, ರಿಲೇ ಬದಲಿಸ್ಯಾರ,
ಬಿಲ್ಲು ಪ್ಲಾಸ್ಟಿಕ್ಕಿನಾಗ ಹಾಕಿ ಕೊಟ್ಟಾರ,
ಮದಿವಿ ಫೋಟೋದಂಗ.
ನಾನೂ ಕಂಪ್ಯೂಟರ್ ಹಚ್ಚಿದೆ. ಅದು ಹೇಳಿದ್ದು ಇಷ್ಟ:
ಕಂಪ್ರೆಸರ್ ಭಾಳ ಹೊತ್ತು ಓಡೈತಿ.
ಯಾಕ ಓಡ್ತು, ಅದು ಹೇಳೂದಿಲ್ಲ.
ತೂತಿನ ಕೊಡ ಹೊತ್ತು ಹತ್ತು ಸಲ ಬಾವಿಗೆ ಹೋದಾಕಿನ್ನ
ಕೂಡ್ರಿಸಿ, ಕಾಲಿಗೆ ಎಣ್ಣಿ ತಿಕ್ಕಿದಂಗಾತು.

ಗಾಡಿ ರಾತ್ರಿ ಇಲ್ಲೇ ಇರಲಿ ಅಂದೆ.
ಇಲ್ಲೆ? ಅಂದ.
ಝುವಾರಿನಗರದ ತಗಡಿನ ಶೆಡ್ಡು, ಬಾಗಿಲಿಲ್ಲ,
ಬಾಜೂಕ್ಕ ಮೀನಿನ ಟೆಂಪೋ ತೊಳಿಯೋ ಜಾಗ.
ನಾನೂ ಇಲ್ಲೇ ಇರತೀನಿ ಅಂದೆ.

ಗುಂಡಿ ಮ್ಯಾಲೆ ನಿಂದರಿಸಿ ಒಂಬತ್ತಕ್ಕ ಟೇಪು ಹಿಡಿದೆ,
ಗಾಲಿ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ.
ಎಡಕ್ಕ ಐವತ್ತೊಂದು, ಬಲಕ್ಕ ಐವತ್ತೊಂದು.
ಗ್ವಾಡಿಗೆ ಚಾಕ್‌ಪೀಸಿನಿಂದ ಬರದೆ.
ಇನ್ನ ಬಾಗಿಲ ಮುಟ್ಟಬಾರದು. ಮುಟ್ಟಿದರ ಗಾಡಿಗೆ ಎಚ್ಚರಾಗಿ
ತಾನ ಮ್ಯಾಲೇಳತೈತಿ,
ಡಾಕ್ಟರ್ ಬಂದ ಅಂದಕೂಡ್ಲೆ ಹಾಸಿಗ್ಯಾಗ ಎದ್ದು ಕುಂತು
ಏನಿಲ್ಲ ಆರಾಮದೀನಿ ಅನ್ನೋ ಜಡ್ಡಿನವನಂಗ.

ಹನ್ನೆರಡಕ್ಕ ಎಡಕ್ಕ ಐವತ್ತು.
ಒಂದು ಸೆಂಟಿಮೀಟರಿಗೆ ಯಾರು ಎದಿ ಬಡಕೋತಾರ?
ಬರದೆ.
ದಾಬೋಳಿಗೆ ವಿಮಾನ ಇಳೀತಿದ್ದವು, ಒಂದರ ಬೆನ್ನಿಗೆ ಒಂದು,
ತಗಡು ನಡುಗಿ ಸ್ಪ್ಯಾನರು ತಾವ ಮಾತಾಡ್ತಿದ್ದವು.
ಮೂರಕ್ಕ ನಲವತ್ತೇಳು. ಬಲಕ್ಕ ಐವತ್ತೊಂದ.

ಒಂದು ವಿಮಾನ ಹೋತು, ಇನ್ನೊಂದು ಬಂದಿರಲಿಲ್ಲ.
ನಾಯಿನೂ ಸುಮ್ಮನಿತ್ತು.
ಆ ಖಾಲಿಯೊಳಗ ಕೇಳ್ತು,
ಯಾರೋ ಹಲ್ಲಿನ ಸಂದ್ಯಾಗ ಸಿಟ್ಟು ಬಿಟ್ಟಂಗ.

ಕೆಳಗಿಳಿಯೂಕಿಂತ ಮೊದಲು ಸ್ಟ್ಯಾಂಡು ಇಟ್ಟೆ,
ಗಾಡಿಗೂ ಸ್ಟ್ಯಾಂಡಿಗೂ ಎರಡ ಬೆರಳ ಸಂದಿ.
ಹುಬ್ಬಳ್ಳ್ಯಾಗ ಕಲಿಸಿದ ಉಸ್ತಾದ್ ಖಾದರಸಾಬಗ
ಬಲಗೈಯಾಗ ಮೂರ ಬೆರಳು.
ಗಾಳಿ ಮ್ಯಾಲೆ ನಿಂತದ್ದರ ಕೆಳಗ ತಲಿ ಕೊಡಬ್ಯಾಡ ಅಂತ
ಆ ಇಲ್ಲದ ಎರಡರಿಂದ ಹೇಳ್ತಿದ್ದ.

ಸಾವಂತ್ರೆವ್ವನ ಬಟ್ಟಿ ಸಬಕಾರ, ಅರ್ಧ ಚರಗಿ ನೀರು,
ನನ್ನ ದಾಡಿ ಬ್ರಶ್ಶು.
ವಾಲ್ವಿಗೆ ಹಚ್ಚಿದೆ, ಏನಿಲ್ಲ. ಪೈಪಿನ ಕುತಿಗಿಗೆ, ಏನಿಲ್ಲ.
ಎಡಗಡಿ ರಬ್ಬರ್ ಚೀಲ, ಕೆಳಗಿನ ಮಡಿಕಿ:
ಸಾಸಿವಿಯಷ್ಟು ಗುಳ್ಳಿ.
ಅದರ ಮಗ್ಗಲಿಗೆ ಒಂದು. ಆಮ್ಯಾಲೆ
ಉಕ್ಕೋ ಹಾಲಿನ ಅಂಚು.

ಅದಿರಿನ ಕೆಂಪು ಧೂಳಿ ಮಡಿಕ್ಯಾಗ ಕುಂತು,
ಸಮುದ್ರದ ಉಪ್ಪು ಕೂಡಿ, ದಿನಾ ಅಷ್ಟಷ್ಟ ಅರದೈತಿ.
ಲಿಫ್ಟಿಗೆ ಹಾಕಿ ತೂಗಬಿಟ್ಟರ ಚೀಲ ಜಗ್ಗಿ
ಸೀಳು ಮುಚ್ಚತೈತಿ, ಒಳ್ಳೆ ಮಂದಿಯ ಬಾಯಿಯಂಗ.
ಭಾರ ಬಿದ್ದಾಗಷ್ಟ ತೆರೀತೈತಿ.
ಮಡಗಾಂವದವರದು ತಪ್ಪಲ್ಲ. ಅವರು ಹಗಲಿಗೆ ನೋಡ್ಯಾರ.

ಪುಣೆಯಿಂದ ಚೀಲ ಬರಲಿಕ್ಕೆ ಮೂರು ದಿನ.
ಎರಡೂ ಹಾಕಸು ಅಂದೆ, ಬಲಗಡಿದೂ ಅದ ವಯಸ್ಸಿಂದು.
ಗಾಳಿ ಪೂರಾ ಬಿಟ್ಟು ಬಿಚ್ಚಿದೆ,
ಪೈಪಿನ ತುದಿ ಹೊಸ ಬ್ಲೇಡಿನಿಂದ ನೆಟ್ಟಗ ಕೊಯ್ದೆ,
ಗಾಳಿ ತುಂಬಿಸಿ, ಆಮ್ಯಾಲೆ ಗಾಲಿ ನೆಲಕ್ಕ ಇಳಿಸಿದೆ.
ಖಾಲಿ ಚೀಲದ ಮ್ಯಾಲೆ ಭಾರ ಬಿಟ್ಟರ ಹೊಸದೂ ಹರೀತೈತಿ.

ಮತ್ತೊಂದು ರಾತ್ರಿ. ಐವತ್ತೊಂದು, ಐವತ್ತೊಂದು,
ಐವತ್ತೊಂದು, ಐವತ್ತೊಂದು. ನಿದ್ದಿ ಬರಲೇ ಇಲ್ಲ,
ಏನೂ ಆಗದ್ದನ್ನ ಕಾಯೂದು ಇನ್ನೂ ತ್ರಾಸು.

ಫುರ್ತಾದ್ ಬಂದ, ಸೀಳು ನೋಡಿದ.
ಉಗುರಿನಷ್ಟೂ ಇಲ್ಲಲ್ಲ, ಅಂದ.
ಈ ಸಲ ಕೈ ಚಾಚಿ ಕೀಲಿ ಇಸಕೊಂಡ.

ಗ್ವಾಡಿ ಒರಸೂದು ಮರತೆ.
ಅದ ಗ್ವಾಡಿಗೆ ಸಾವಂತ್ರೆವ್ವ ಹಾಲಿನ ಲೆಕ್ಕ ಬರೀತಾಳ.
ತಿಂಗಳ ಕೊನಿಗೆ ಹಾಲಿನವ ಬಂದು
ನನ್ನ ಐವತ್ತೊಂದೆಲ್ಲ ಕೂಡಿಸಿ ರೊಕ್ಕ ಕೇಳಿದ.
ನಲವತ್ತೇಳೂ ಬಿಡಲಿಲ್ಲ.