ಕಾಲಂ ಹನ್ನೊಂದು

ಫಾರಂ ಮಲಯಾಳದಲ್ಲಿ ಬಂತು.
ಅಂಗನವಾಡಿ ಟೀಚರು ಓದಿ ಹೇಳಿದರು:
ಕಜೆಪದವು ಲಕ್ಷಂವೀಡು ಕಾಲನಿಯ
ಇಪ್ಪತ್ತೆರಡು ಜೋಡಿಮನೆ ಕೆಡವುವುದು,
ಅಲ್ಲೇ ನಾಲ್ಕು ಮಾಳಿಗೆಯ ಫ್ಲಾಟು.
ನಲವತ್ತನಾಲ್ಕು ನಮಗೆ, ಉಳಿದದ್ದು
ಪಟ್ಟಿಯಲ್ಲಿ ಹೆಸರಿದ್ದೂ ಸೂರಿಲ್ಲದವರಿಗೆ.
ಇಲ್ಲಿ ಸಹಿ. ಇಲ್ಲಿ ಹೆಬ್ಬೆಟ್ಟು.
ಹನ್ನೊಂದನೇ ಕಾಲಮಿಗೆ ಬಂದು ಟೀಚರು ಕನ್ನಡಕ ತೆಗೆದರು:
ನಡುಗೋಡೆ ಯಾರದು?

ಎರಡು ಮನೆ, ಒಂದು ಗೋಡೆ.
ಐವತ್ತು ವರ್ಷದ ಹಿಂದೆ ಸರಕಾರ
ಒಂದು ಗೋಡೆಯ ದುಡ್ಡು ಉಳಿಸಿತ್ತು.
ಆ ಉಳಿತಾಯದೊಳಗೆ ನಾವು ಹುಟ್ಟಿದೆವು.

ಈಚೆ ನಾವು, ಆಚೆ ಕುಂಞಾಮಿನ.
ಈಚೆ ಸುಣ್ಣಕ್ಕೆ ನೀಲಿ, ಆಚೆ ಎಲೆಹಸಿರು.
ನಮ್ಮಲ್ಲಿ ಮೆಣಸು ಹುರಿದರೆ ಅವರಲ್ಲಿ ಸೀನು,
ಅಂದುಂಞಿಚ್ಚನ ನಾಲ್ಕು ಗಂಟೆಯ ಕೆಮ್ಮಿಗೆ
ನಮ್ಮ ಅಮ್ಮ ಎದ್ದು ಒಲೆ ಹೊತ್ತಿಸುವುದು.

ಕರೆಂಟು ಬಂದಾಗ ಮೀಟರು ಅವರಿಗೆ ಮಾತ್ರ;
ನಮ್ಮ ರೇಶನ್ ಕಾರ್ಡಿನಲ್ಲಿ ಅಪ್ಪನ ಹೆಸರು
ಮಲಯಾಳಕ್ಕೆ ಹೋಗಿ ಇನ್ನಾರದೋ ಆಗಿತ್ತು.
ಅಂದುಂಞಿಚ್ಚ ಉಳಿ ತಂದು, ಏಣಿ ಹತ್ತಿ,
ಗೋಡೆಯ ತಲೆಯಿಂದ ಒಂದು ಮುರಕಲ್ಲು ಬಿಡಿಸಿದರು.
ಆ ಕಂಡಿಯಲ್ಲಿ ಬಲ್ಬು.
ನಲವತ್ತು ವಾಟ್: ಇಪ್ಪತ್ತು ಆಚೆ, ಇಪ್ಪತ್ತು ಈಚೆ.
ಸ್ವಿಚ್ಚು ಆಚೆ.

ರಾತ್ರಿ ಕಂಡಿಯಿಂದ ಕೇಳುವಳು:
"ವಾರಿಜಾ, ಆರಿಸಲಾ?"
ನಿಲ್ಲು ಮಾರಾಯ್ತಿ, ಬೀಡಿ ಇನ್ನೊಂದು ಕಟ್ಟು ಉಂಟು.
ನಿಲ್ಲು, ಹುಡುಗನ ಕಾಪಿ ಬರೆದಾಗಲಿಲ್ಲ.
ಹಾಂ, ಆರಿಸು.
ನಮ್ಮ ಹಂಚು ಜಾರಿ ಅವಳ ಹೇಂಟೆ ಸತ್ತ ಮೇಲೆ
ಮೂರು ವರ್ಷ ಮಾತಿರಲಿಲ್ಲ.
ಆಗಲೂ ಆರಿಸುವ ಮೊದಲು
ಸೌಟಿನಿಂದ ಗೋಡೆಗೆ ಎರಡು ಬಡಿಯುವಳು,
ನಾನು ಚಿಮಟದಿಂದ ಒಂದು.
ಅಮ್ಮ ಹೋದ ರಾತ್ರಿ ಕೇಳಲೇ ಇಲ್ಲ.
ಬೆಳಗಿನವರೆಗೆ ಉರಿಯಿತು.

ಓವರ್ಸಿಯರ್ ಟೇಪು ಹಿಡಿದು ಬಂದ.
"ಈ ಚುವರ್ ಆರುಡೇದಾ?"
ನಮ್ಮದು, ಅಂದೆ.
ಯಾವ ನಮ್ಮದು? ಅವನ ಭಾಷೆಯಲ್ಲಿ ಎರಡು ಉಂಟು,
ಎದುರಿನವರನ್ನು ಸೇರಿಸಿ ಒಂದು, ಬಿಟ್ಟು ಒಂದು.
ಮನೆಯೊಳಗಿನ ನಮ್ಮ ತುಳುವಿನಲ್ಲೂ ಎರಡು.
ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಒಂದೇ,
ಅದನ್ನೇ ಮತ್ತೊಮ್ಮೆ ಹೇಳಿದೆ.
ಅವನು ಕುಂಞಾಮಿನಳನ್ನು ನೋಡಿದ.
ಅವಳು ಅಕ್ಕಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ.
ಕಾಲಮಿನಲ್ಲಿ ಒಂದು ಗೀಟು ಎಳೆದು ಹೋದ.

ನನಗೆ ಬೇಸರವೇನಿಲ್ಲ, ಹೇಳುತ್ತೇನೆ.
ಚಿಲಕ ಹಾಕಿಕೊಂಡು ಸ್ನಾನ ಮಾಡುವ ಬಚ್ಚಲು
ಐವತ್ತೊಂದನೇ ವಯಸ್ಸಿಗೆ ಸಿಕ್ಕಿತು.
ಮಾಡಿನ ಕೆಳಗೆ ಪಾತ್ರೆ ಜೋಡಿಸಿಡುವ ಲೆಕ್ಕ
ಈಗ ಮರೆತಿದೆ, ಮರೆಯಲಿ.

ಆದರೆ ಜೇಸಿಬಿಯ ದಿನ ಒಂದು ನಡೆಯಿತು.
ಮಾಡು ಹೋಯಿತು, ಹೊರಗೋಡೆ ಹೋಯಿತು,
ಡ್ರೈವರ್ ಊಟಕ್ಕೆ ಇಳಿದ ಹೊತ್ತಿಗೆ
ಅದೊಂದೇ ನಿಂತಿತ್ತು, ಪದವಿನ ಬಿಸಿಲಲ್ಲಿ.
ಸುತ್ತು ಬಂದೆ. ನೀಲಿಯಿಂದ ಹಸಿರಿಗೆ ಮೂರೇ ಹೆಜ್ಜೆ.
ಕಂಡಿಯಲ್ಲಿ ಆಕಾಶ ಇತ್ತು,
ಹೊಗೆ ಹಿಡಿದ ಹೋಲ್ಡರು ಇತ್ತು.
ಹೋಲ್ಡರನ್ನು ಕುಂಞಾಮಿನ ಸೆರಗಿಗೆ ಕಟ್ಟಿಕೊಂಡಳು,
ಗುಜರಿಗೆ ಎರಡು ರೂಪಾಯಿ ಸಿಗದ ಸಾಮಾನು.

ಚೀಟಿ ಎತ್ತಿದರು.
ನನಗೆ ಮೂರನೇ ಮಾಳಿಗೆ.
ಅವಳ ಮೊಣಕಾಲು ನೋಡಿ
ಎದುರು ಬ್ಲಾಕಿನ ನೆಲದ ಮನೆ ಕೊಟ್ಟರು.
ನನ್ನ ಗೋಡೆಗೆ ಈಗ ಪೆರ್ಲದ ಕಡೆಯವರು;
ಹೆಸರು ಗೊತ್ತಿಲ್ಲ, ಟೀವಿ ಗೊತ್ತು.

ಹನ್ನೊಂದು ಸ್ವಿಚ್ಚು, ಎಲ್ಲ ನನ್ನದೇ.
ರಾತ್ರಿ ಬೆರಳು ಇಟ್ಟು "ಆರಿಸಲಾ?" ಅಂತೇನೆ.
ಮೊಮ್ಮಗ ನಗುತ್ತಾನೆ: ಅಜ್ಜೀ, ಯಾರತ್ರ ಕೇಳುದು?

ಕೆಳಗೆ ಅವಳ ಕಿಟಕಿಯಲ್ಲಿ ಇನ್ನೂ ಬೆಳಕು.
ಬೆರಳು ತೆಗೆದೆ.
ಒಂದು ಕಟ್ಟು ಬಾಕಿ ಇರಬೇಕು.