ಏಳನೇ ಕಿಂಡಿ

ಇಪ್ಪತ್ತೆರಡು ವರ್ಷ ಏಳನೇ ಕಿಂಡಿಯಲ್ಲಿ ಕೂತಳು ಮಿರ್ಲಾಂಡ್,
ಹಡ್ಸನ್ ಹೊಳೆ ಮೂರು ಮೈಲಿ ಮೈಚಾಚಿ ಮಲಗುವ ಕಡೆ.
ಅವಳಿಗೆ ಮೊದಲು ಕಾಣುತ್ತಿದ್ದದ್ದು ಕೈ, ಮುಖ ಆಮೇಲೆ:
ಪೇಂಟರನ ಬಿಳಿ ಉಗುರು,
ರಾತ್ರಿಪಾಳಿ ಮುಗಿಸಿದ ನರ್ಸಮ್ಮನ ಸ್ಪಿರಿಟ್ಟಿನ ವಾಸನೆ,
ಬೆಳಗಿನ ಐದಕ್ಕೆ ಮೀನಿನ ಲಾರಿಯ ಒದ್ದೆ ನೋಟು.
ಚಿಲ್ಲರೆ ಕೊಡುವಾಗ ತಗುಲಿದ ಬೆರಳುಗಳ ಲೆಕ್ಕ
ಯಾವ ರಿಜಿಸ್ಟರಿನಲ್ಲೂ ಇಲ್ಲ.

ಹಳೆಯ ಸೇತುವೆಗೆ ಮೈಯೆಲ್ಲ ತುಕ್ಕು.
ಡಾಂಬರು ಕಿತ್ತ ತೂತಿನೊಳಗಿಂದ ಒಮ್ಮೊಮ್ಮೆ
ಹೊಳೆ ಇಣುಕುತ್ತಿತ್ತು.
'ಐವತ್ತು ವರ್ಷಕ್ಕೆಂದು ಕಟ್ಟಿದ್ದು, ಅರವತ್ತು ದಾಟಿತು'
ಎನ್ನುತ್ತಿದ್ದ ರಿಪೇರಿ ತಂಡದ ಡಿಕ್ರಾನ್,
ಎಂದು ತನ್ನ ಮಂಡಿಯನ್ನೂ ತಟ್ಟಿಕೊಳ್ಳುತ್ತಿದ್ದ.

ಅದರ ಹೆಸರು ಟ್ಯಾಪನ್ ಜೀ.
ಮೊದಲರ್ಧ ಈ ದಂಡೆಯಲ್ಲಿ ಜೋಳ ಬಿತ್ತಿ ಬಾಳಿದವರದು,
ಉಳಿದರ್ಧ, ಹಡಗೇರಿ ಬಂದ ಡಚ್ಚರು
ಈ ಹೊಳೆಯನ್ನು ಕಡಲೆಂದು ಕರೆದದ್ದು.
ಜಾಗ ಕಳೆದುಕೊಂಡವರು, ಜಾಗ ಹಿಡಿದವರು
ಒಂದೇ ಫಲಕದಲ್ಲಿ ಅಕ್ಕಪಕ್ಕ.
ಅದನ್ನೂ ಯಾರು ಓದುತ್ತಿದ್ದರು?
ಎಲ್ಲರ ಕಣ್ಣೂ ಮುಂದಿನ ಕಾರಿನ ಕೆಂಪು ದೀಪಕ್ಕೆ.

ಆಮೇಲೆ ಕ್ಯಾಮೆರಾ ಬಂತು. ಕಿಂಡಿ ಹೋಯಿತು.
ನಂಬರ್ ಪ್ಲೇಟಿನ ಫೋಟೋ ಹಿಡಿದು ಮನೆಗೇ ಬಿಲ್ಲು.
ಅವಳಿಗೆ ಒಂದು ಗಡಿಯಾರ, ಒಂದು ಕೇಕು,
ಕೇಕಿನ ಮೇಲೆ ಕೆನೆಯಲ್ಲಿ 'ಮೇರಿ':
ಮೊದಲ ದಿನವೇ ಸೂಪರ್‌ವೈಸರ್
ನಾಲಿಗೆ ಹೊರಳದೆ ಕತ್ತರಿಸಿಟ್ಟ ಹೆಸರು.
ತಕರಾರೆತ್ತಿರಲಿಲ್ಲ ಅವಳು.
ತಿಂಗಳ ಬಾಡಿಗೆ ಕಟ್ಟಬೇಕಿತ್ತು.

ಹೊಸ ಸೇತುವೆ ಓರೆ ಕಂಬ, ಬಿಗಿದ ತಂತಿ,
ರಾತ್ರಿಯಾದರೆ ನೀಲಿ, ನೇರಳೆ.
ಚೆಂದವೇ ಇದೆ, ಸುಳ್ಳೇಕೆ?
ಅದಕ್ಕೊಬ್ಬ ದೊಡ್ಡ ಮನುಷ್ಯನ ಹೆಸರು.
ಹಳೆಯದರ ತುಂಡಿಗೆ ಸಿಡಿಮದ್ದಿಟ್ಟ ಜನವರಿಯ ಬೆಳಿಗ್ಗೆ
ನ್ಯಾಕ್‌ನ ದಡದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದಳು.
ಮೊದಲು ಬಿದ್ದದ್ದು ಕಂಡಿತು, ಸದ್ದು ಆಮೇಲೆ ಬಂತು,
ಸುಂಕ ಮರೆತು ಮುಂದೆ ಹೋದವನು
ಏದುಸಿರು ಬಿಡುತ್ತ ವಾಪಸು ಬಂದ ಹಾಗೆ.

ಕೆಲವು ತುಂಡು ಕಡಲಿನ ತಳಕ್ಕೆ ಹೋದವಂತೆ,
ಮೀನಿಗೆ ಮನೆಯಾಗಲು.
'ಮೀನಿಗೆ ಟೋಲಿಲ್ಲ' ಎಂದ ಡಿಕ್ರಾನ್.
ಅವಳೊಬ್ಬಳೇ ನಕ್ಕಳು.

ಕಳೆದ ಶನಿವಾರ ಸಂತೆಯಲ್ಲಿ
ಮೂಲಂಗಿ ಕಟ್ಟು ಆರಿಸಿ ತಿರುಗಿದರೆ ಎದುರಿಗೆ ಮೇಜು ಹಾಕಿದ ಹುಡುಗ:
'ಹಳೇ ಹೆಸರು ವಾಪಸು ಬರಬೇಕು, ಸಹಿ ಹಾಕ್ತೀರಾ?'
ಸೇತುವೆಗೇನು, ಏನೆಂದು ಕರೆದರೂ ಬೆನ್ನು ಕೊಡುತ್ತದೆ
ಅಂದುಕೊಂಡಳು.
ತಾನೂ ಕೊಟ್ಟದ್ದು ಹಾಗೇ ಅಲ್ಲವೇ.
ಪೆನ್ನು ತೆಗೆದುಕೊಂಡಳು, ಆದರೂ.

ಮಿರ್ಲಾಂಡ್ ಎವ್‌ರೋಜ್ ಪ್ಯೆರ್‌ಲೂಯಿ:
ಜಾಕ್ಮೆಲ್‌ನ ಇಗರ್ಜಿಯಲ್ಲಿ ಅಜ್ಜಿ ಎತ್ತಿಹಿಡಿದು
ಪಾದ್ರಿಯ ಬಾಯಲ್ಲಿ ಎರಡು ಸಲ ಹೇಳಿಸಿದ ಹೆಸರು,
ಒಂದಕ್ಷರ ಬಿಡದೆ.
ಗೆರೆ ಸಾಲದೆ ಕೆಳಗಿನ ಸಾಲಿಗೂ ಇಳಿಯಿತು.

'ಇಬ್ಬರದಾ ಇದು?' ಎಂದ ಹುಡುಗ.
'ಒಬ್ಬಳದೇ. ಓದು, ಜೋರಾಗಿ.'
ಮೂಲಂಗಿ ಹಿಡಿದು ಕಾದಳು.
ಹಿಂದೆ ಸರದಿ ಬೆಳೆಯುತ್ತಿತ್ತು.