ಮಣ್ಣಿನ ರುಚಿ

ಕೋಟೆ ಮಣ್ಣು, ನವಸಾಗರ ಕುದಿಯಲಿಟ್ಟು
ತಸ್ಕೀನ್ ಕೇಳುತ್ತಾಳೆ:
"ಅಬ್ಬಾ, ಜಪಾನಿನಾಗ ಏನ್ ನೋಡ್ದಿ?"

ಹನ್ನೊಂದು ದಿನ. ಚಪ್ಪಲಿ ಬಿಚ್ಚಿದ್ದೇ ಬಿಚ್ಚಿದ್ದು.
ರೈಲಿನಲ್ಲಿ ಯಾರದೂ ಮಾತಿಲ್ಲ,
ನನ್ನ ಕೆಮ್ಮಿಗೆ ನನಗೇ ನಾಚಿಕೆ.
ಚಹಾಕ್ಕೆ ಸಕ್ಕರೆ ಕೇಳಿದೆ;
ಬಗ್ಗಿ ಬಗ್ಗಿ ಕ್ಷಮೆ ಬಂತು, ಸಕ್ಕರೆ ಬರಲಿಲ್ಲ.

ನಾರಾದ ಒಂದು ಸಣ್ಣ ಗುಡಿ.
ಎಲೆ ಕೆಂಪಾಗಿ ಉದುರುವ ಕಾಲ.
ಮುದುಕನೊಬ್ಬ ಬಿಳಿ ಮರಳಿನ ಮೇಲೆ
ಹಲ್ಲಿನ ಕೋಲಿನಿಂದ ಗೆರೆ ಎಳೆಯುತ್ತಿದ್ದ,
ನಮ್ಮಂತೆಯೇ, ಒಂದು ಕಣ್ಣು ಮುಚ್ಚಿ.
ಕೈ ತಡೆಯಲಿಲ್ಲ.
ಬೀದರಿನ ಕೋಟೆಯಲ್ಲಿ ಮಣ್ಣು ಆರಿಸಿದ ಕೈ;
ಅಂಚಿನಿಂದೊಂದು ಚಿಟಿಕೆ ಎತ್ತಿ
ನಾಲಿಗೆಗಿಟ್ಟೆ.

ದುಭಾಷಿ ಹುಡುಗಿ ಬೆವೆತಳು.
ಮುದುಕ ಕೋಲು ಒರಗಿಸಿ, ಕುಕ್ಕರುಗಾಲಲ್ಲಿ ಕುಂತು
ತಾನೂ ಒಂದು ಚಿಟಿಕೆ ನೆಕ್ಕಿದ.
ಮುಖ ಕಿವುಚಿದ. ನಾನೂ.
ನಲವತ್ತು ವರ್ಷ ಗುಡಿಸಿದ್ದನಂತೆ,
ರುಚಿ ನೋಡಿರಲಿಲ್ಲವಂತೆ.

"ಆ ಮಣ್ಣಿನಾಗ ಸತು ಕಪ್ಪಾಗತಿತ್ತೇನು?"
"ಇಲ್ಲ ಬೇಟಿ. ಖಾರಿಲ್ಲ, ಉಪ್ಪಿಲ್ಲ.
ಬರೀ ಮಳೆ."

ಅವಳು ನಕ್ಕು, ಇಕ್ಕಳದಲ್ಲಿ ಹೂಜಿ ಇಳಿಸುತ್ತಾಳೆ.
ಉಗಿಗೆ ಕಣ್ಣು ಕಿರಿದಾಗುತ್ತದೆ.
ಹಲ್ಲಿನ ಸಂದಿಯಲ್ಲಿ
ಈಗಲೂ ಒಂದು ಹರಳು
ಕರಕರ ಅನ್ನುತ್ತದೆ.